ಧೋಂಡಿಬಾ ರುಚಿ ನೋಡಿದ ಜರ್ಮನ್ ವೈನ್

ಇಷ್ಟು ವಯಸ್ಸಾಯಿತು, ನಾನು ಒಂದು ಹನಿ ವೈನ್ ಕುಡಿದವಳಲ್ಲ. ಆದರೂ ಕಳೆದ ತಿಂಗಳು ಜರ್ಮನಿಯ ಒಂದು ರೆಡ್ ವೈನ್ ಹೇಗಿರುತ್ತದೆ, ಅದರ ಜೊತೆ ಏನು ತಿಂದರೆ ಚೆಂದ, ಏನು ತಿಂದರೆ ಕೆಡುತ್ತದೆ ಅಂತ ಒಂದು ಪುಟ ಬರೆದುಕೊಟ್ಟೆ. ಅದನ್ನು ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿ ಊಟದ ಟೇಬಲ್ಲಿನ ಮೇಲೆ ಇಟ್ಟರು. ಏಳು ಜನ ಜರ್ಮನರು ಅದನ್ನು ಜೋಪಾನವಾಗಿ ಬ್ಯಾಗಿಗೆ ಹಾಕಿಕೊಂಡು ತಮ್ಮ ಊರಿಗೆ ಹೋದರು.

ನಗಬೇಡಿ. ಇದರಲ್ಲಿ ನಗುವಂಥದ್ದು ಮೊದಲರ್ಧ ಮಾತ್ರ.

ಇದಕ್ಕೆಲ್ಲ ಕಾರಣ ಪ್ರಮೋದ. ಹತ್ತು ಹನ್ನೆರಡು ವರ್ಷದ ಹಿಂದೆ ನನ್ನ ಕನ್ನಡ ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೂತು ಕದ್ದು ಡಬ್ಬಿ ತೆಗೆದು ತಿನ್ನುತ್ತಿದ್ದ. (ಮುಂದೆ ತಿನ್ನುವುದರಲ್ಲೇ ಮೇಲೆ ಬಂದ.) ಈಗ ಖಾನಾಪುರದಿಂದ ಜಾಂಬೋಟಿ ಕಡೆಗೆ ಹೋಗುವ ರಸ್ತೆಯಲ್ಲಿ ಅವನದೊಂದು ಸಣ್ಣ ಹೋಟೆಲ್ ಇದೆ. ಎಂಟು ರೂಮು, ಒಂದು ಊಟದ ಹಾಲ್. ಭಾನುವಾರ ಬೆಳಗಾವಿಯಿಂದ ಜನ ಕಾರು ಕಟ್ಟಿಕೊಂಡು ಊಟಕ್ಕೆ ಹೋಗುತ್ತಾರೆ.

ಬೆಳಗಾವಿಯ ಒಂದು ಕಾರ್ಖಾನೆಗೆ ಜರ್ಮನಿಯಿಂದ ದೊಡ್ಡ ಮಶೀನು ಬಂದಿತ್ತು. ಅದನ್ನು ಕೂಡಿಸಲು ಏಳು ಜನ ಎಂಜಿನಿಯರುಗಳೂ ಬಂದಿದ್ದರು. ಕೆಲಸ ಮುಗಿಸಿ ಹೊರಡುವ ಮುಂಚೆ ಅವರಿಗೊಂದು ಭಾನುವಾರದ ಊಟ ಹಾಕಿಸಬೇಕು ಅಂತ ಕಾರ್ಖಾನೆಯ ಮಾಲೀಕರಿಗೆ ಆಸೆ. ವೈನ್ ಅತಿಥಿಗಳ ಊರಿನದು. ಊಟ ನಮ್ಮದು. ಎರಡಕ್ಕೂ ಜೋಡಿ ಕೂಡಬೇಕು. ಪ್ರತಿ ತಾಟಿನ ಬಾಜುವಿಗೆ ಒಂದು ಕಾರ್ಡು, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಆ ಮಾಲೀಕರು ಅಂಥ ಕನ್ನಡಪ್ರೇಮಿ.

ಕಾರ್ಡು ಬರೆದುಕೊಡಿ ಅಂತ ಫೋನ್ ಮಾಡಿದವನನ್ನು ವೈನಿನ ಹೆಸರೇನು ಅಂತ ಕೇಳಿದೆ. ಪ್ರಮೋದ ಸ್ವಲ್ಪ ಯೋಚಿಸಿ, "ಸ್ಪಾಟ್ ಬರ್ಗರ್ ಅನ್ನೂ ಹಂಗ ಏನೋ ಐತ್ರಿ ಮೇಡಂ," ಅಂದ.

ಷ್ಪೇಟ್‌ಬುರ್ಗುಂಡರ್. ಸರಿಯಾಗಿ ಹೇಳಲು ನನಗೂ ಎರಡು ದಿನ ಹಿಡಿಯಿತು. ತೆಳು ಸಿಪ್ಪೆಯ ಕಪ್ಪು ದ್ರಾಕ್ಷಿಯಿಂದ ಮಾಡುತ್ತಾರಂತೆ. ಫ್ರಾನ್ಸಿನವರು ಇದೇ ದ್ರಾಕ್ಷಿಗೆ ಪಿನೋ ನ್ವಾರ್ ಅನ್ನುತ್ತಾರೆ. ಕೆಂಪು ವೈನ್ ಅಂದರೂ ಗಾಢ ಕೆಂಪಲ್ಲ, ಬೆಳಕಿಗೆ ಹಿಡಿದರೆ ನಮ್ಮ ಕೋಕಂ ಶರಬತ್ತಿನ ಬಣ್ಣ. ಬಾತುಕೋಳಿ, ಅಣಬೆ, ಸುಟ್ಟ ಕೋಳಿ, ಬೇಳೆ ಇದಕ್ಕೆ ಒಪ್ಪುತ್ತವೆ ಅಂತ ಇಂಟರ್ನೆಟ್ಟು ಹೇಳಿತು. ಬಸವಣ್ಣನ ದಾರಿಯಲ್ಲಿ ನಡೆದು ಬಂದ ಬೆಳಗಾವಿ ಹಿಂದವಾಡಿಯ ನಮ್ಮ ಮನೆಯಲ್ಲಿ ಈ ಓದು ನಡೆದದ್ದು ಊಟದ ಟೇಬಲ್ಲಿನ ಮೇಲೆ. ನಮ್ಮ ಯಜಮಾನರು ಕನ್ನಡಕದ ಮೇಲಿಂದ ನೋಡಿ, ನೀನು ಬರಿ, ಬೇಕಾದರೆ ನಾನು ಕುಡಿದು ತೋರಿಸುತ್ತೇನೆ ಅಂದರು. (ಚಹಾವನ್ನೇ ಅರ್ಧ ಕಪ್ಪಿಗಿಂತ ಹೆಚ್ಚು ಕುಡಿಯದ ಮನುಷ್ಯ.)

ಬಾಟಲಿ ನೋಡದೆ, ಅಡುಗೆಯವರನ್ನು ಕೇಳದೆ ಬರೆಯುವುದು ಹೇಗೆ? ಒಂದು ಮಧ್ಯಾಹ್ನ ಖಾನಾಪುರಕ್ಕೆ ಹೋದೆ.

ಅಲ್ಲಿಯ ಅಡುಗೆಯವರು ಧೋಂಡಿಬಾ. ಐವತ್ತು ದಾಟಿದ ಮನುಷ್ಯ. ಕಣಕುಂಬಿ ಹತ್ತಿರದ ಧನಗರ ವಾಡಿಯವರು, ಅಂದರೆ ಕಾಡಂಚಿನ ದನಗಾಹಿಗಳ ಹಟ್ಟಿಯವರು. ಅಪ್ಪ ಎಮ್ಮೆ ಸಾಕಿ, ಬೆಣ್ಣೆ ತಂದು ಖಾನಾಪುರದ ಪೇಟೆಯಲ್ಲಿ ಮಾರುತ್ತಿದ್ದರಂತೆ. ಧೋಂಡಿಬಾ ಮಾತ್ರ ಎಮ್ಮೆ ಬಿಟ್ಟು ಗೋವಾದ ಹೋಟೆಲುಗಳಲ್ಲಿ ಪಾತ್ರೆ ತೊಳೆಯುತ್ತ ತೊಳೆಯುತ್ತ ಅಡುಗೆ ಕಲಿತರು. ಪ್ರಮೋದನ ಹೋಟೆಲು ಹೆಸರು ಮಾಡಿದ್ದೇ ಅವರ ತಾಂಬ್ಡಾ ರಸ್ಸಾದಿಂದ, ಅಂದರೆ ಕಣ್ಣಲ್ಲಿ ನೀರು ತರಿಸುವ ಆ ಕೆಂಪು ಮಟನ್ ಸಾರಿನಿಂದ. ಅವರ ಹೆಂಡತಿ ಜನಾಬಾಯಿ ಅದೇ ಅಡುಗೆಮನೆಯಲ್ಲಿ ಹೆಚ್ಚುವುದು, ರುಬ್ಬುವುದು ಮಾಡುತ್ತಿದ್ದರು. ಗಂಡ ಹೆಂಡತಿ ತಮ್ಮತಮ್ಮಲ್ಲಿ ಮರಾಠಿ, ಬಂದವರ ಜೊತೆ ಕನ್ನಡ.

ಕಾರ್ಖಾನೆಯವರು ಒಂದು ಬಾಟಲಿಯನ್ನು ಮುಂಚಿತವಾಗಿ ಕಳಿಸಿದ್ದರು. ಪ್ರಮೋದ ಬಿರಡೆ ತೆಗೆದು ಮೂರು ಗ್ಲಾಸಿಗೆ ಸ್ವಲ್ಪ ಸ್ವಲ್ಪ ಹಾಕಿದ. ನಾನು ಕುಡಿಯುವುದಿಲ್ಲ, ಮೂಸುತ್ತೇನೆ ಅಂದೆ. ಮೊದಲ ಸಲ ಏನೂ ತಿಳಿಯಲಿಲ್ಲ. ಎರಡನೇ ಸಲ ಮಳೆ ಬಿದ್ದ ಮಣ್ಣು. ಆಮೇಲೆ ಯಾವುದೋ ಹಣ್ಣು. ಗೊತ್ತಿದ್ದ ಹಣ್ಣೇ, ಹೆಸರು ಹೊಳೆಯುತ್ತಿಲ್ಲ.

ಧೋಂಡಿಬಾರನ್ನು ಕೇಳಿದೆ. ಅವರು ಗ್ಲಾಸಿಗೆ ಮೂಗಿಟ್ಟು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಜನಾಬಾಯಿ ಈಳಿಗೆ ಬಿಟ್ಟು ಎದ್ದು ಬಂದು, ಗಂಡನ ಕೈಯಿಂದ ಗ್ಲಾಸು ತೆಗೆದುಕೊಂಡು ಒಮ್ಮೆ ಮೂಸಿ, "ಕವಳಿ," ಅಂದರು.

"ಹೌದ್ರಿ, ಕವಳಿಹಣ್ಣ," ಅಂದರು ಧೋಂಡಿಬಾ. "ಬಿಸಲಾಗ ಇಟ್ಟ ಕವಳಿ."

ಅದೇ! ಬೇಸಿಗೆಯಲ್ಲಿ ಖಾನಾಪುರದ ಹೆಂಗಸರು ಎಲೆಯ ದೊನ್ನೆಯಲ್ಲಿ ಮಾರುವ ಕಪ್ಪು ಕಾಡುಹಣ್ಣು. ಪುಸ್ತಕ ತೆಗೆದು ಬರೆದುಕೊಂಡೆ. ಇನ್ನೊಂದು ವಾಸನೆಯನ್ನೂ ಜನಾಬಾಯಿಯೇ ಮೊದಲು ಹೇಳಿದರು, ಒಣಗಿಸಿದ ಅಣಬೆ ಅಂತ. ಧೋಂಡಿಬಾ ಹೌದೆಂದು ತಲೆಯಾಡಿಸಿದರು. ಎಷ್ಟೋ ವರ್ಷ ಒಟ್ಟಿಗೆ ಇದ್ದ ಜೋಡಿ, ಒಬ್ಬರ ಮಾತು ಇನ್ನೊಬ್ಬರು ಮುಗಿಸುತ್ತಾರೆ ಅಂದುಕೊಂಡೆ.

ಪ್ರಮೋದನಿಗೆ ಫೋನ್ ಬಂತು, ಹೊರಗೆ ಹೋದ. ಜನಾಬಾಯಿ ಮೆಂತ್ಯೆ ಸೊಪ್ಪು ತೊಳೆಯಲು ಹಿಂದಿನ ನಳಕ್ಕೆ ಹೋದರು. ಧೋಂಡಿಬಾ ನನಗೆ ಮಸೂರು ಬೇಳೆಯ ಬಗ್ಗೆ ಹೇಳುತ್ತಿದ್ದರು. ಇಡೀ ಮಸೂರನ್ನು ಸಣ್ಣ ಉರಿಯಲ್ಲಿ ಬೇಯಿಸಬೇಕು, ಬೆಳ್ಳುಳ್ಳಿ ಒಗ್ಗರಣೆ ಬಿದ್ದಾಗ ಏಳುವ ಘಮವೇ ಘಮ, ಹೀಗೆ.

ಆಗಲೇ ನನ್ನ ಮೂಗಿಗೆ ತಳ ಹತ್ತಿದ ವಾಸನೆ ಬಡಿಯಿತು.

ನಾನಿದ್ದದ್ದು ಬಾಗಿಲ ಬಳಿ. ಮಸೂರಿನ ಪಾತ್ರೆ ಇದ್ದದ್ದು ಧೋಂಡಿಬಾರ ಬೆನ್ನ ಹಿಂದೆ, ಒಂದು ಮೊಳ ದೂರದಲ್ಲಿ. ಅವರು ಘಮದ ಬಗ್ಗೆ ಮಾತಾಡುತ್ತಲೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಜನಾಬಾಯಿ ಒದ್ದೆ ಕೈಯಲ್ಲಿ ಓಡಿ ಬಂದು, "ಅಹೋ, ಕರಪ್ಲಂ," ಅಂತ ಮರಾಠಿಯಲ್ಲಿ ಅಂದು ಪಾತ್ರೆ ಕೆಳಗಿಳಿಸಿದರು. ಸೀದಿತ್ತು.

ಧೋಂಡಿಬಾ ಆಗ ಪಾತ್ರೆಯ ಕಡೆ ತಿರುಗಿದರು.

ಪಕ್ಕದವನನ್ನು ನೋಡಿ ಬರೆಯುವ ವಿದ್ಯಾರ್ಥಿ ಸಿಕ್ಕಿಬಿದ್ದಾಗ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು. ಇಷ್ಟು ವರ್ಷ ಅದನ್ನೇ ನೋಡಿದ್ದೇನೆ. ಐವತ್ತು ದಾಟಿದ ಮನುಷ್ಯನ ಮುಖ ಹಾಗಾದದ್ದನ್ನು ನೋಡಿದ್ದು ಅವತ್ತೇ.

ಎಷ್ಟು ದಿನದಿಂದ ಹೀಗೆ ಅಂತ ಮೆಲ್ಲಗೆ ಕೇಳಿದೆ. ಎರಡು ಮಳೆಗಾಲದ ಹಿಂದೆ ಜ್ವರ ಬಂದಿತ್ತಂತೆ. ಜ್ವರ ಹೋಯಿತು, ವಾಸನೆ ಹಿಂದಿರುಗಲಿಲ್ಲ. ಬೆಳಗಾವಿಯ ಡಾಕ್ಟರು ಬಂದರೆ ಬರಬಹುದು, ಕಾಯಿರಿ ಅಂದರು. ಕಾಯುತ್ತಿದ್ದಾರೆ.

"ಉಪ್ಪ, ಹುಳಿ, ಖಾರ, ಒಗರ, ಎಲ್ಲಾ ತಿಳೀತೈತ್ರಿ ಅಕ್ಕಾರ," ಅಂದರು. "ಉಳಿದದ್ದ ನೆನಪಿನ ಮ್ಯಾಲ ಮಾಡ್ತೀನಿ. ಜನಾ ಬಾಜು ಇರ್ತಾಳ."

ಉಳ್ಳಾಗಡ್ಡಿ ಹದಕ್ಕೆ ಬಂದರೆ ಜನಾಬಾಯಿ ಒಮ್ಮೆ ಕೆಮ್ಮುತ್ತಾರೆ. ಮಸಾಲೆ ಹುರಿದದ್ದು ಸಾಕಾದರೆ ಬಂದು ಸೌಟು ಮುಟ್ಟುತ್ತಾರೆ. ಎರಡು ವರ್ಷದಿಂದ ಊರಿಗೆಲ್ಲ ಹೆಸರಾದ ರಸ್ಸಾ ಹೀಗೆ ತಯಾರಾಗುತ್ತಿತ್ತು. ಯಾರಿಗೂ ಗೊತ್ತಾಗಿರಲಿಲ್ಲ. ಅಡುಗೆಮನೆ ಹೇಗೋ ನಡೆಯುತ್ತದೆ, ಊರಿಗೆ ಹೋದಾಗಲೇ ಕಷ್ಟ ಅಂದರು ಧೋಂಡಿಬಾ. ಎಮ್ಮೆ ಕೊಟ್ಟಿಗೆಯಲ್ಲಿ ನಿಂತರೆ ಟಿವಿ ಸೌಂಡ್ ಬಂದ್ ಮಾಡಿ ನೋಡಿದ ಹಾಗೆ ಆಗುತ್ತದಂತೆ.

ಜನಾಬಾಯಿ ಹೊರಗೆ ಫೋನಿನಲ್ಲಿದ್ದ ಪ್ರಮೋದನ ಕಡೆ ಇಣುಕಿ ನೋಡಿ, "ಸಾಹೇಬರಿಗೆ ಹೇಳಬ್ಯಾಡ್ರಿ ಅಕ್ಕಾರ," ಅಂದರು. "ಮೂಗ ಇಲ್ಲದ ಅಡಗಿಯವರನ್ನ ಯಾರ ಇಟ್ಕೋತಾರ?"

"ಇಲ್ಲ, ಹೇಳಂಗಿಲ್ಲ," ಅಂದೆ.

ಎಷ್ಟು ಸುಲಭವಾಗಿ ಬಂತು ನೋಡಿ ಮಾತು.

ಹೊಸ ಮಸೂರು ಒಲೆಗೇರಿತು. ಆಮೇಲಿನ ಎರಡು ಗಂಟೆಯಲ್ಲಿ ನಾನು ಕಲಿತದ್ದನ್ನು ಯಾವ ಇಂಟರ್ನೆಟ್ಟೂ ಹೇಳಿರಲಿಲ್ಲ. ಧೋಂಡಿಬಾ ರಸ್ಸಾದ ಒಂದು ಚಮಚ ಬಾಯಿಗೆ ಹಾಕಿಕೊಂಡು, ಮೇಲೆ ವೈನಿನ ಒಂದು ಗುಟುಕು ಕುಡಿದು, ಗಂಟಲಿಗೆ ಕೈ ಹಚ್ಚಿದರು. ಖಾರದ ಮೇಲೆ ಇದು ಬಿದ್ದರೆ ಬರೀ ಉರಿ, ಊಟವೂ ಹಾಳು ಇದೂ ಹಾಳು ಅಂದರು. ಖಾರ ಕಡಿಮೆ ಮಾಡಿದ ಮಸೂರಿನ ಜೊತೆ ನೋಡಿದರು, ತಲೆಯಾಡಿಸಿದರು. ಬೆಣ್ಣೆಯಲ್ಲಿ ಕರಿಮೆಣಸು ಹಾಕಿ ಹುರಿದ ಅಣಬೆಯ ಜೊತೆ ನೋಡಿದರು. ಇನ್ನೊಂದು ಗುಟುಕು ಕುಡಿದು, "ಈಗ ಒಗರ ಕುಂತತ್ರಿ," ಅಂದರು.

ಒಗರು ಕೂತಿತು! ಇಂಗ್ಲಿಷಿನವರು ಇದಕ್ಕೆ ಅರ್ಧ ಪುಟ ಬರೆಯುತ್ತಾರೆ. ಎಳೆ ಬಾಳೆಕಾಯಿ, ಹಸಿ ನೆಲ್ಲಿ, ನೇರಳೆ ತಿಂದು ಬೆಳೆದ ನಮ್ಮ ಮಕ್ಕಳಿಗೆ ಒಗರು ಅಂದರೆ ಏನಂತ ಯಾರೂ ಹೇಳಿಕೊಡಬೇಕಿಲ್ಲ. ವೈನು ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ, ಬೆಣ್ಣೆ, ಅಣಬೆ ಬಂದು ಬಿಡಿಸುತ್ತವೆ. ಇಷ್ಟೇ ವಿಷಯ. ವಾಸನೆ ಹೋದ ಮೇಲೆ ಧೋಂಡಿಬಾರಿಗೆ ಉಳಿದದ್ದು ನಾಲಿಗೆಯೊಂದೇ. ಅದನ್ನು ಅವರು ನಮ್ಮ ನಿಮ್ಮಂತೆ ಅರ್ಧ ಗಮನದಲ್ಲಿ ಬಳಸುತ್ತಿರಲಿಲ್ಲ.

ಕೆಂಡದ ಮೇಲೆ ತುಪ್ಪ ಸವರಿ ಸುಟ್ಟ ಕೋಳಿ ಪಾಸಾಯಿತು. ಶೇಂಗಾ ತುಂಬಿದ ಎಣ್ಣೆಗಾಯಿ, ಖಾರ ಅರ್ಧ ಮಾಡಿದರೆ ಮಾತ್ರ. ಪ್ರಮೋದ ವಾಪಸು ಬಂದವನು ರಸ್ಸಾ ಇಲ್ಲ ಅನ್ನುವುದನ್ನು ಕೇಳಿ ಮುಖ ಸಣ್ಣ ಮಾಡಿದ. ನಮ್ಮ ಹಾಲಿನ ಸಿಹಿ ಕುಂದಾ ಕೂಡ ವೈನಿನ ಜೊತೆ ಬೇಡ ಅಂದಾಗ ಬೆಳಗಾವಿಯ ಮರ್ಯಾದೆ ಪ್ರಶ್ನೆ ಅಂತ ವಾದಕ್ಕೆ ನಿಂತ. ಧೋಂಡಿಬಾ ವಾದ ಮಾಡಲಿಲ್ಲ. ಅವನ ಕೈಗೆ ಕುಂದಾ ಕೊಟ್ಟರು, ಆಮೇಲೆ ಗ್ಲಾಸು ಕೊಟ್ಟರು. ಪ್ರಮೋದ ಕುಡಿದು, ಹುಳಿ ನೀರು ಕುಡಿದವನಂತೆ ಹುಬ್ಬು ಗಂಟಿಕ್ಕಿದ. ಕುಂದಾ ಕೊನೆಗೆ, ಗ್ಲಾಸು ತೆಗೆದ ಮೇಲೆ, ಚಹಾದ ಜೊತೆ ಅಂತ ತೀರ್ಮಾನವಾಯಿತು.

ಮನೆಗೆ ಬಂದು ಖುಷಿಯಿಂದ ಕಾರ್ಡು ಬರೆದೆ. ಕೆಳಗೆ "ಅಡುಗೆ: ಧೋಂಡಿಬಾ" ಅಂತ ಹಾಕಿ ಪ್ರಮೋದನಿಗೆ ಕಳಿಸಿದೆ.

ಊಟದ ಮುಂಚಿನ ಬುಧವಾರ ಬೆಳಿಗ್ಗೆ ಚಹಾಕ್ಕೆ ಹಾಲಿಟ್ಟು ಪೇಪರ್ ಹಿಡಿದು ಕೂತಿದ್ದೆ. ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಗ್ಯಾಸಿನ ವಾಸನೆ ಬಂತು. ಎದ್ದು ಆಫ್ ಮಾಡಿ ಕಿಟಕಿ ತೆಗೆದೆ. ಎಲ್ಲರ ಮನೆಯಲ್ಲೂ ಆಗುವಂಥದ್ದೇ. ಆದರೆ ನನಗೆ ಧೋಂಡಿಬಾ ನೆನಪಾದರು. ಖಾನಾಪುರದ ಆ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಸಿಲಿಂಡರುಗಳಿವೆ. ಕೆಲಸದವರು ನಾಲ್ಕಾರು ಜನ. ಆಚೆ ಹಾಲ್ ತುಂಬ ಊಟಕ್ಕೆ ಬಂದವರು. ಜನಾಬಾಯಿ ಸೊಪ್ಪು ತೊಳೆಯಲು ಹಿಂದೆ ಹೋದ ಹೊತ್ತಿನಲ್ಲಿ ಗ್ಯಾಸ್ ಸೋರಿದರೆ?

ಫೋನ್ ತೆಗೆದುಕೊಂಡು ಪ್ರಮೋದನಿಗೆ ಎಲ್ಲ ಹೇಳಿಬಿಟ್ಟೆ. ಎರಡೇ ನಿಮಿಷ. ಇಟ್ಟ ಮೇಲೆ ನೆಮ್ಮದಿಯಾಯಿತು. ಕಿಟಕಿಯ ಬಳಿ ನಿಂತು ಚಹಾ ಕುಡಿದೆ.

ಧೋಂಡಿಬಾರ ನಂಬರು ಅದೇ ಫೋನಿನಲ್ಲಿತ್ತು. ಅಡುಗೆಯ ಹೆಸರುಗಳನ್ನು ಕೇಳಲು ಬೇಕಾಗುತ್ತದೆ ಅಂತ ಜನಾಬಾಯಿಯೇ ಕೊಟ್ಟಿದ್ದರು. ಅವರಿಗೆ ಮೊದಲು ಮಾಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಪ್ರಮೋದ ಆಗ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾರ ಎರಡ ವರ್ಷ ನಾ ಏನ ತಿಂದೀನ್ರಿ ಮೇಡಂ?"

ಸಂಜೆ ಜನಾಬಾಯಿಯ ಫೋನು. ಜಗಳಕ್ಕೆ ಬಂದಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

"ನೀವ ಮಾತ ಕೊಟ್ಟಿದ್ರಿ ಅಕ್ಕಾರ."

ನಾನು ಗ್ಯಾಸಿನ ವಿಷಯ ಹೇಳಿದೆ. ಕ್ಲಾಸಿನಲ್ಲಿ ಹೇಳಿದ ಹಾಗೆ ಪಾಯಿಂಟು ಪಾಯಿಂಟಾಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಗ್ಯಾಸಿನದು ನಮಗೂ ಗೊತ್ತು ಅಂದರು. ತಾವು ಇಲ್ಲದಾಗ ಗಂಡ ಒಲೆ ಹಚ್ಚುವುದಿಲ್ಲ. ಎರಡು ವರ್ಷದಲ್ಲಿ ತಾವು ಒಂದು ದಿನವೂ ರಜೆ ಹಾಕಿಲ್ಲ, ತಂಗಿಯ ಮಗಳ ಮದುವೆಗೂ ಹೋಗಿಲ್ಲ. ಆವತ್ತು ಒಂದು ಗಳಿಗೆ ಹಿಂದೆ ಹೋದದ್ದು, ಒಳಗೆ ನೀವಿದ್ದೀರಿ ಅನ್ನುವ ಧೈರ್ಯದ ಮೇಲೆ.

ಪ್ರಮೋದ ಏನು ಮಾಡಿದ ಅಂತ ಕೇಳಿದೆ.

ಪ್ರಮೋದ ಆ ದಿನವೇ ಧೋಂಡಿಬಾರನ್ನು ಕರೆಸಿ ಕೇಳಿದನಂತೆ. ಊಟದ ಹಾಲ್‌ನಲ್ಲಿ, ಉಳಿದ ಕೆಲಸದವರು ಟೇಬಲ್ಲು ಒರೆಸುತ್ತಿರುವಾಗ. ಕೆಟ್ಟವನಲ್ಲ ಅವನು. ಗಾಬರಿಯಾಗಿದ್ದ. ಜರ್ಮನರ ಊಟಕ್ಕೆ ನಾಲ್ಕೇ ದಿನ ಉಳಿದಿತ್ತು. ಬೆಳಗಾವಿಯಲ್ಲಿ ಇಬ್ಬರು ಅಡುಗೆಯವರನ್ನು ವಿಚಾರಿಸಿದ, ಬಿಡುವಿಲ್ಲ ಅಂದರು. ಕೊನೆಗೆ ಜನಾಬಾಯಿಗೆ, ನೀವೊಬ್ಬರೇ ಮಾಡಿ ತೋರಿಸಿ ಅಂದ. ಅವರು ಮಾಡಿದರು. ಪ್ರಮೋದ ಮಸೂರಿನ ಎರಡು ತುತ್ತು ತಿಂದು ಚಮಚ ಕೆಳಗಿಟ್ಟನಂತೆ. ಎರಡು ವರ್ಷದಿಂದ ತಾನು ತಿನ್ನುತ್ತಿದ್ದ ರುಚಿಯೇ ಅದು.

ಹೀಗೆ ಜನಾಬಾಯಿ ಮುಖ್ಯ ಅಡುಗೆಯವರಾದರು. ಧೋಂಡಿಬಾ ಅವರ ಬಾಜು ನಿಂತರು. ಉಪ್ಪು, ಖಾರ, ಕೆಂಡದ ಕೆಲಸ ಅವರದು. ಗ್ಯಾಸ್ ಸೋರಿದರೆ ಕೂಗುವ ಸಣ್ಣ ಯಂತ್ರವೊಂದನ್ನು ಗೋಡೆಗೆ ಹಾಕಿಸಿದರು. ಇದು ಪ್ರಮೋದನ ದೊಡ್ಡ ಮನಸ್ಸು ಅಂತ ನಾನು ಹೇಳುವುದಿಲ್ಲ. ಬೇರೆ ದಾರಿ ಇರಲಿಲ್ಲ ಅಂತ ಅವನೇ ಹೇಳಿದ್ದಾನೆ. ಕಾರ್ಡಿನಲ್ಲಿ ಹೆಸರು ತಿದ್ದಿದೆವು: "ಅಡುಗೆ: ಜನಾಬಾಯಿ, ಧೋಂಡಿಬಾ."

ಕೇಳಿದವರೆಲ್ಲ ನನ್ನ ಬೆನ್ನು ತಟ್ಟಿದರು. ನೋಡು, ನೀನು ಹೇಳಿದ್ದಕ್ಕೇ ಆ ಹೆಣ್ಣುಮಗಳಿಗೆ ಅವಳ ಕೆಲಸದ ಹೆಸರು ಬಂತು ಅಂದರು ನಮ್ಮ ಯಜಮಾನರು. ಆ ಮಾತು ಸುಳ್ಳಲ್ಲ. ನನಗೂ ಅದನ್ನೇ ನಂಬಿಕೊಳ್ಳುವುದು ಹಿತವಾಗಿತ್ತು.

ಭಾನುವಾರದ ಊಟ ಚೆನ್ನಾಯಿತು. ಹೊರಗೆ ಜಿಟಿಜಿಟಿ ಮಳೆ. ವೈನನ್ನು ಸ್ವಲ್ಪ ತಣ್ಣಗೆ ಮಾಡಿ ಕೊಟ್ಟರು. ಬಿಳಿ ಮೀಸೆಯ ಒಬ್ಬ ಹಿರಿಯ ಎಂಜಿನಿಯರ್ ಮಸೂರನ್ನು ಮೂರು ಸಲ ಹಾಕಿಸಿಕೊಂಡರು. ಊರಲ್ಲಿ ಅವರ ತಾಯಿಯೂ ಬೇಳೆ ಬೇಯಿಸಿದ ದಿನ ಇದೇ ವೈನ್ ತೆಗೆಯುತ್ತಿದ್ದರಂತೆ. ಶ್ರೀಮಂತರ ಊಟಕ್ಕೇ ವೈನು ಅಂತ ತಿಳಿದುಕೊಂಡಿದ್ದ ನನಗೆ ಅದು ಹೊಸ ಸುದ್ದಿ. ಅಡುಗೆ ಮಾಡಿದವರನ್ನು ನೋಡಬೇಕು ಅಂದರು. ಜನಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಹಿಂದೆ ತಿರುಗಿ ಗಂಡನನ್ನು ಕರೆದರು. ಧೋಂಡಿಬಾ ಬರಲಿಲ್ಲ.

ನಾನು ಎದ್ದು ಒಳಗೆ ಹೋದೆ. ಅವರು ಕೆಂಡದ ಮೇಲೆ ಬೂದಿ ಎಳೆಯುತ್ತಿದ್ದರು. ಎಲ್ಲ ಚೆನ್ನಾಗಿ ಆಯಿತಲ್ಲ ಅಂತ ಮಾತು ತೆಗೆದೆ.

"ಚೊಲೋ ಆತ್ರಿ ಅಕ್ಕಾರ," ಅಂದರು, ಕೆಂಡದಿಂದ ಕಣ್ಣು ತೆಗೆಯದೆ. "ನೀವ ಹೇಳಿದ್ದೂ ಬರೋಬರಿ. ಆದ್ರ ಅದನ್ನ ಹೇಳೂದು ನಂದ ಇತ್ತು. ಗ್ಯಾಸಿಂದ ನನಗ ಹೇಳಿದ್ರ, ಅವತ್ತ ನಾನ ಹೋಗಿ ಸಾಹೇಬರ ಮುಂದ ನಿಂದರತಿದ್ನಿ."

ನಾನು ಮತ್ತೆ ಸಿಲಿಂಡರು, ಹಾಲ್ ತುಂಬ ಜನ, ಅಪಾಯ ಅಂತ ಶುರು ಮಾಡಿದೆ. ಅವರು ಹೂಂಗುಟ್ಟಿದರು. ಊಟ ಆಯಿತೇ ಅಂತ ಕೇಳಿದರು. ಕೂಡಲು ಕುರ್ಚಿ ತಂದಿಟ್ಟು ಹಿಂದಿನ ಬಾಗಿಲಿಂದ ಹೊರಗೆ ಹೋದರು.

ವಾಪಸು ಬರುವಾಗ ಲೆಕ್ಕ ಹಾಕಿದೆ. ಮೊದಲು ಧೋಂಡಿಬಾರಿಗೆ ಫೋನ್ ಮಾಡಿದ್ದರೆ ಹೆಚ್ಚೆಂದರೆ ಒಂದು ಗಂಟೆ ತಡವಾಗುತ್ತಿತ್ತು. ಅವರು ಒಪ್ಪದಿದ್ದರೆ ಆಮೇಲೆ ಪ್ರಮೋದನಿಗೆ ಹೇಳಲು ನನ್ನನ್ನು ಯಾರೂ ತಡೆಯುತ್ತಿರಲಿಲ್ಲ. ಆ ಒಂದು ಗಂಟೆಯಲ್ಲಿ ಅವರು ತಾವಾಗಿ ಎದ್ದು ಹೋಗಿ, ನನಗೆ ಹೀಗಾಗಿದೆ ಅಂತ ತಮ್ಮ ಮಾತಿನಲ್ಲಿ ಹೇಳಬಹುದಿತ್ತು. ನಾನು ಮಾಡಿದ್ದರಿಂದ ಟೇಬಲ್ಲು ಒರೆಸುವವರ ಮುಂದೆ ನಿಂತು ಹೌದೋ ಅಲ್ಲವೋ ಅಂತ ಉತ್ತರ ಕೊಡಬೇಕಾಯಿತು. ಅಪಾಯ ತಪ್ಪಿಸುವುದಕ್ಕೂ ಒಬ್ಬ ಮನುಷ್ಯನ ಗುಟ್ಟನ್ನು ಅವನ ಬೆನ್ನ ಹಿಂದೆ ದಾಟಿಸುವುದಕ್ಕೂ ಇರುವ ವ್ಯತ್ಯಾಸ ನಮಗೆ ಯಾಕೆ ಗೊತ್ತಾಗುವುದಿಲ್ಲ? ಮಗಳ ಮಾರ್ಕ್ಸು, ನೆರೆಯವರ ಕಾಯಿಲೆ, ಗೆಳತಿಯ ಮನೆಯ ಜಗಳ, ಎಲ್ಲವನ್ನೂ ನಾವು ಅವರ ಒಳ್ಳೆಯದಕ್ಕೇ ಅಲ್ಲವೇ ಇನ್ನೊಬ್ಬರ ಕಿವಿಗೆ ಹಾಕುವುದು?

ಇದನ್ನು ಬರೆಯುವ ಮೊದಲು ಈ ಸಲ ಕೇಳಿದೆ. ಫೋನ್ ಎತ್ತಿದ್ದು ಜನಾಬಾಯಿ. ಗಂಡನನ್ನು ವಿಚಾರಿಸಿ ಬಂದು, ಬರೆಯಿರಿ, ಹೆಸರು ಬದಲಿ ಮಾಡಿರಿ ಅಂದರು. ಬದಲಿ ಮಾಡಿದ್ದೇನೆ. ಧೋಂಡಿಬಾ ಫೋನಿಗೆ ಬರಲಿಲ್ಲ.

ಫೋನ್ ಇಟ್ಟ ಮೇಲೆ ನೆನಪಾಯಿತು. ಜನಾಬಾಯಿಗೆ ಒಮ್ಮೆ, ಧೋಂಡಿಬಾರಿಗೆ ಒಮ್ಮೆ, ಮನೆಯವರಿಗೆ ಹತ್ತು ಸಲ, ನಾನು ಯಾಕೆ ಹಾಗೆ ಮಾಡಿದೆ ಅಂತ ಸಮಜಾಯಿಷಿ ಕೊಟ್ಟಿದ್ದೇನೆ. ತಪ್ಪಾಯಿತು ಅಂತ ಮಾತ್ರ ಯಾರಿಗೂ ಹೇಳಿಲ್ಲ, ಯಾಕೆಂದರೆ ನಾನು ಸರಿ ಇದ್ದೆನಲ್ಲ.

ಸರಿ ಇದ್ದವರು ಕ್ಷಮೆ ಕೇಳಬೇಕಾಗಿಲ್ಲ ಅಂತ ನಮಗೆ ಕಲಿಸಿದವರು ಯಾರು?